ಶಿರಸಿಯ ಶನಿವಾರದ ಮನಃಶಾಸ್ತ್ರ ಪಾಠ
ಶಿರಸಿಯಲ್ಲಿ ನಿವೃತ್ತ ಪ್ರೊಫೆಸರ್ ಒಬ್ಬರು ಮನೆಯ ಜಗುಲಿಯಲ್ಲೇ ಮನಃಶಾಸ್ತ್ರ ಹೇಳಿಕೊಡುತ್ತಾರೆ. ಮಗಳ ಬಿ.ಎ. ಪರೀಕ್ಷೆಗೆಂದು ಸೇರಿಸಿದ್ದೆ, ಈಗ ನಾನೂ ಕೂರುತ್ತೇನೆ. ಸರ್ ಓದಿದ್ದು ಮೈಸೂರಿನಲ್ಲಿ, 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಕಟ್ಟಿದ ವಿಭಾಗದಲ್ಲಿ. ಸಂಶೋಧನೆ ಮಾಡಿದ್ದು ಮರೆವಿನ ಬಗ್ಗೆ.

ಎಬಿಂಗ್‌ಹಾಸ್ ಅನ್ನುವ ಜರ್ಮನ್ ಮನಃಶಾಸ್ತ್ರಜ್ಞ ಮರೆವಿನ ಬಗ್ಗೆ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದನಲ್ಲ, ಅದನ್ನು ನಮ್ಮಿಂದಲೂ ಮಾಡಿಸಿದರು. ಬೋರ್ಡಿನ ಮೇಲೆ ‘ಝಪ್, ಕೆಬ್, ಮುಷ್’ ಅಂತ ಅರ್ಥವಿಲ್ಲದ 12 ಪದ. ಬಾಯಿಪಾಠ ಮಾಡಿ, ಕಷಾಯ ಕುಡಿದು ಬರುವಷ್ಟರಲ್ಲಿ ನನಗೆ ಉಳಿದದ್ದು 5, ಮಗಳಿಗೆ 7. ‘ಒಂದೇ ರಾತ್ರಿ ಕೂತು ಓದಬೇಡ ತಂಗೀ, ದಿನ ಬಿಟ್ಟು ದಿನ ತಿರುವಿ ಹಾಕು’ ಅಂದರು. ಅವಳು ಈಗ ಹಾಗೇ ಓದುತ್ತಾಳೆ.

ಸ್ಟ್ಯಾಟಿಸ್ಟಿಕ್ಸ್ ಮಾತ್ರ ಜಾಸ್ತಿ ವೇಗವಾಯಿತು. ಅದಕ್ಕೆ ಇನ್ನೆರಡು ಶನಿವಾರ ಕೊಡಿ ಸರ್.