ಬುಡೆಸೊನೈಡ್ 200 ರೋಟಾಕ್ಯಾಪ್: ಆರು ವರ್ಷ ಎಳೆದ ಮೇಲೆ

ಉಬ್ಬಸಕ್ಕೆ (ಆಸ್ತಮಾ) ಉಸಿರಿನ ಜೊತೆ ಎಳೆದುಕೊಳ್ಳುವ ಸ್ಟೀರಾಯ್ಡ್ ಪುಡಿಯ ಕ್ಯಾಪ್ಸೂಲ್ ಇದು, ಒಂದರಲ್ಲಿ 200 ಮೈಕ್ರೋಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು. ಐದಕ್ಕೆ ನಾಲ್ಕು ಸ್ಟಾರ್.

ಮೊದಲ ವಾರ ಬೈದುಕೊಂಡೇ ಎಳೆದೆ. ನೀಲಿ ಪಂಪು, ಅಂದರೆ ಸಾಲ್ಬುಟಮಾಲ್, ಐದು ನಿಮಿಷದಲ್ಲಿ ಎದೆ ಬಿಡಿಸುತ್ತದೆ. ಇದು ಎಳೆದರೂ ಅಷ್ಟೆ, ಬಿಟ್ಟರೂ ಅಷ್ಟೆ ಅನ್ನಿಸಿತು. ಮೂರನೇ ವಾರ ಹೊಳೆಯಿತು: ನಡುರಾತ್ರಿ ಎದ್ದು ಗೋಡೆಗೆ ಒರಗಿ ಕೂರುವುದು ನಿಂತೇ ಹೋಗಿತ್ತು.

ತಡವಾಗುವುದಕ್ಕೆ ಕಾರಣವಿದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಮಾಡುವ ಕಾರ್ಟಿಸಾಲ್ ಹಾರ್ಮೋನಿನ ದಾಯಾದಿ ಇದು. ಜೀವಕೋಶದ ಪೊರೆ ದಾಟಿ ಒಳಗೆ ನುಸುಳಿ, ಅಲ್ಲಿ ಕಾದಿರುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ. ಜೋಡಿ ನ್ಯೂಕ್ಲಿಯಸ್ ಸೇರಿ, ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಬಾಯಿ ಮುಚ್ಚಿಸುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸುವ ಸಂದೇಶಗಳು ಹೊಸದಾಗಿ ಹುಟ್ಟುವುದು ಕಡಿಮೆಯಾಗುತ್ತದೆ. ಆದರೆ ಆಗಲೇ ಶ್ವಾಸನಾಳದಲ್ಲಿ ಬೀಡುಬಿಟ್ಟಿರುವ ಕಣಗಳೂ ಬಾವೂ ಇಳಿಯಲು ದಿನಗಳು ಬೇಕು. ಇನ್ನೊಂದು ಲಾಭ, ನೀಲಿ ಪಂಪು ಹಿಡಿದುಕೊಳ್ಳುವ ಬೀಟಾ ಗ್ರಾಹಕಗಳನ್ನೂ ಇದು ಹೆಚ್ಚಿಸುತ್ತದೆ.

ಎರಡನೇ ವರ್ಷ ಆರಾಮಾಗಿದ್ದೆ. "ಸ್ಟೀರಾಯ್ಡ್ ಅಂತಲ್ಲ, ಮೂಳೆ ತಿಂದು ಹಾಕ್ತದೆ, ಬಿಡು ಮಾರಾಯ" ಎಂದರು ದೊಡ್ಡಮ್ಮ. ಬಿಟ್ಟೆ. ಅಡಿಕೆ ಸುಲಿಯುವ ಕಾಲ ಬಂತು, ಅಂಗಳದ ತುಂಬ ಧೂಳು. ಒಂದು ರಾತ್ರಿ "ನೀರು ಕೊಡು" ಅನ್ನುವಷ್ಟೂ ಉಸಿರಿರಲಿಲ್ಲ. ಆಸ್ಪತ್ರೆ, ನೆಬ್ಯುಲೈಸರ್, ಆಮೇಲೆ ಐದು ದಿನ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ನಾನು ಎಳೆಯುವುದು ದಿನಕ್ಕೆ 400 ಮೈಕ್ರೋಗ್ರಾಂ. ಒಂದು ದಿನದ ಮಾತ್ರೆಯ ತೂಕ ಅದರ ನೂರು ಪಟ್ಟು. (ತೂಕಕ್ಕೆ ತೂಕ ಬುಡೆಸೊನೈಡಿನ ಖಾರ, ಅಂದರೆ ಶಕ್ತಿ, ಜಾಸ್ತಿ, ಹಾಗಾಗಿ ಈ ಲೆಕ್ಕ ಪೂರ್ತಿ ನ್ಯಾಯವಲ್ಲ. ಆದರೆ ಎಳೆಯುವಾಗ ಗಂಟಲಿಗಿಳಿದು ನುಂಗಿದ ಪಾಲಿನಲ್ಲಿ ನೂರಕ್ಕೆ ಸುಮಾರು 90 ಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಮುರಿದುಹಾಕುತ್ತದೆ.) ಸ್ಟೀರಾಯ್ಡ್ ಅಂಟಿಕೊಳ್ಳುವ ಗ್ರಾಹಕಗಳು ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದರಿಂದ ಮಾತ್ರೆ ಎಲ್ಲ ಮನೆಯ ಬಾಗಿಲನ್ನೂ ತಟ್ಟುತ್ತದೆ. ಆ ಐದು ದಿನ ಎರಡು ಗಂಟೆಗೊಮ್ಮೆ ಹಸಿವು, ಬೆಳಗಿನ ಜಾವದವರೆಗೆ ನಿದ್ದೆಯಿಲ್ಲ. 1948ರಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಇದೇ ಕುಲದ ಕಾರ್ಟಿಸೋನ್ ಕೊಟ್ಟು ನೋಡಿದರು, 1950ರಲ್ಲಿ ನೊಬೆಲ್ ಬಂತು. ದಿನವೂ ಮೈಗೆಲ್ಲ ಕೊಟ್ಟರೆ ಏನಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ದೊಡ್ಡಮ್ಮನ ಹೆದರಿಕೆ ಆ ಕಾಲದ್ದು, ಸುಳ್ಳೇನಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ? ದನಿ ಒಡೆದು ಹೋಗುತ್ತದೆ, ಫೋನಿನಲ್ಲಿ ಅಣ್ಣನೋ ತಮ್ಮನೋ ಎಂದು ಕೇಳುತ್ತಾರೆ. ಒಮ್ಮೆ ನಾಲಿಗೆ ಮೇಲೆ ಮೊಸರು ಹೆಪ್ಪಾದ ಹಾಗೆ ಬಿಳಿ ಮಚ್ಚೆ ಎದ್ದಿತು. ಬಾಯಲ್ಲಿ ಉಳಿದ ಪುಡಿ ಅಲ್ಲಿನ ಕಾವಲನ್ನೂ ಮಲಗಿಸಿದರೆ ಕ್ಯಾಂಡಿಡಾ ಬೂಷ್ಟಿಗೆ ಹಬ್ಬ. ಎಳೆದ ಕೂಡಲೆ ಬಾಯಿ, ಗಂಟಲು ಮುಕ್ಕಳಿಸಿ ಉಗುಳಿ, ನುಂಗಬೇಡಿ. ಇನ್ನು ನಮ್ಮ ಮಲೆನಾಡಿನ ಜುಲೈ: ಕ್ಯಾಪ್ಸೂಲ್ ಥಂಡಿ ಹಿಡಿದು ಮೆತ್ತಗಾಗಿ, ಪುಡಿ ಒಳಗೇ ಅಂಟಿ ಕೂರುತ್ತದೆ. ಹಪ್ಪಳದ ಡಬ್ಬಿಯ ಪಕ್ಕ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.