ನೋಡ್ ಎಕ್ಸ್‌ಪೋರ್ಟರ್, ಮೂರು ವರ್ಷದ ನಂತರ: ಏಜೆಂಟ್ 11ಕ್ಕೆ 11, ಕ್ಲಸ್ಟರ್‌ನಲ್ಲಿ ನೋಡ್ ಮಾತ್ರ 14

ನಮ್ಮ ಕುಬರ್ನೆಟೀಸ್ ಕ್ಲಸ್ಟರ್‌ನಲ್ಲಿ ಪ್ರೊಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ ಹಾಕಿ ಮೂರು ವರ್ಷದ ಮೇಲಾಯ್ತು. ಕುಬರ್ನೆಟೀಸ್ ಅಂದರೆ ಹಲವು ಯಂತ್ರಗಳನ್ನು (ನೋಡ್‌ಗಳನ್ನು) ಒಂದು ಗುಂಪಾಗಿ ನಡೆಸುವ ವ್ಯವಸ್ಥೆ. ಈ ಎಕ್ಸ್‌ಪೋರ್ಟರ್ ಒಂದೊಂದು ನೋಡ್‌ನಲ್ಲೂ ಕೂತು ಅದರ ಡಿಸ್ಕ್, ಮೆಮೊರಿಯಂಥ ಅಂಕಿಗಳನ್ನು (ಮೆಟ್ರಿಕ್) ಪ್ರೊಮಿಥಿಯಸ್ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ಕೊಡುವ ಏಜೆಂಟ್. ಹಾಕಿದ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಮೊದಲ ವರ್ಷ ಕಳೆದ ಮೇಲೆ ಬರೆದಿದ್ದರೆ ಬರೀ ಬೈಗುಳ. ಈಗ ಎರಡೂ ಸ್ವಲ್ಪ ಆರಿದೆ, ಅದಕ್ಕೇ ಕೂತೆ. ಎಷ್ಟು ಮೆಟ್ರಿಕ್ ಕೊಡುತ್ತದೆ, ಯಾವ ಕಲೆಕ್ಟರ್ (ಅಂಕಿ ಸಂಗ್ರಹಿಸುವ ಭಾಗ) ಡೀಫಾಲ್ಟ್ ಆಗಿ ಆನ್ ಇರುತ್ತದೆ ಅನ್ನೋದನ್ನೆಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಡ್ತೀನಿ.

ಕ್ಲಸ್ಟರ್ ದೊಡ್ಡದೇನಲ್ಲ. ಕ್ಲಸ್ಟರನ್ನೇ ನಡೆಸುವ ಕಂಟ್ರೋಲ್ ಪ್ಲೇನ್‌ಗೆ 3 ನೋಡ್. ಕೆಲಸದ ನೋಡ್‌ಗಳು ಲೋಡ್ ನೋಡಿಕೊಂಡು 8ರಿಂದ 12ರವರೆಗೆ ಹೋಗಿ ಬಂದು ಮಾಡುತ್ತವೆ. ನೋಡಿಕೊಳ್ಳುವವರು ಇಬ್ಬರು. ರಾತ್ರಿ ಫೋನ್ ಎತ್ತುವವನು ನಾನು.

ಇದಕ್ಕೂ ಮೊದಲು ದುಡ್ಡು ಕೊಟ್ಟು ತಂದ ಒಂದು ಏಜೆಂಟ್ ಇತ್ತು. ಹೆಸರು ಬೇಡ. ಕೆಲಸದಲ್ಲಿ ಕೊಂಕು ತೆಗೆಯುವಂಥದ್ದು ಏನೂ ಇರಲಿಲ್ಲ. ಆದರೆ ಲೆಕ್ಕ ನೋಡ್‌ಗೆ ಇಷ್ಟು ಅಂತ. ಟ್ರಾಫಿಕ್ ಏರಿದ ತಿಂಗಳು ಆಟೋಸ್ಕೇಲರ್ ನೋಡ್ ಜಾಸ್ತಿ ಮಾಡುತ್ತದೆ, ಕ್ಲೌಡ್ ಬಿಲ್ ಏರುತ್ತದೆ, ಅದರ ಬೆನ್ನಿಗೇ ಏಜೆಂಟ್ ಬಿಲ್ಲೂ ಏರುತ್ತದೆ. ಮಾನಿಟರಿಂಗ್‌ಗೆ ಹೆದರಿ ನೋಡ್ ಹೆಚ್ಚಿಸಲು ಹಿಂದೆಮುಂದೆ ನೋಡುವ ಸ್ಥಿತಿ ಬಂದಾಗ ಬಿಟ್ಟುಬಿಟ್ಟೆವು.

ಹೆಲ್ಮ್ ಚಾರ್ಟ್‌ನಿಂದ (ಕುಬರ್ನೆಟೀಸ್‌ಗೆ ಸಿದ್ಧ ಇನ್‌ಸ್ಟಾಲ್ ಪ್ಯಾಕೇಜ್) ಹಾಕುವುದು ಒಂದು ಸಾಲಿನ ಕೆಲಸ ಅಂತಾರೆ. ನಿಜ, ಸಾಲು ಒಂದೇ. ಆಮೇಲೆ ಎರಡು ಕಡೆ ಎಡವಿದೆ. ಕ್ಲಸ್ಟರ್ ಆಗ ಕುಬರ್ನೆಟೀಸ್ 1.23ರಲ್ಲಿತ್ತು, ನೇಮ್‌ಸ್ಪೇಸ್‌ಗಳಿಗೆಲ್ಲ (ಕ್ಲಸ್ಟರ್‌ನೊಳಗಿನ ವಿಭಾಗಗಳು) ಪಾಡ್ ಸೆಕ್ಯುರಿಟಿ ಲೇಬಲ್ ಹಾಕಿದ್ದೆವು, ಅಲ್ಲಿ ಓಡುವ ಪಾಡ್‌ಗೆ (ಪ್ರೋಗ್ರಾಂ ಓಡಿಸುವ ಘಟಕ) ಎಷ್ಟು ಅಧಿಕಾರ ಅಂತ. ಈ ಏಜೆಂಟ್‌ಗೆ ಹೋಸ್ಟ್‌ನ ನೆಟ್‌ವರ್ಕ್ ಬೇಕು, ಹೋಸ್ಟ್‌ನ ಪ್ರೋಕ್ ಮತ್ತು ಸಿಸ್ ಫೋಲ್ಡರ್‌ಗಳನ್ನು ಓದಬೇಕು. ಬಿಗಿ ಲೇಬಲ್ ಇರುವ ನೇಮ್‌ಸ್ಪೇಸ್ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹೆಲ್ಮ್ ಮಾತ್ರ 'ಡಿಪ್ಲಾಯ್ಡ್' ಅಂತ ನಗುತ್ತಾ ಹೇಳುತ್ತದೆ. ಡೀಮನ್‌ಸೆಟ್ (ನೋಡ್‌ಗೆ ಒಂದರಂತೆ ಪಾಡ್ ಇಡುವ ವ್ಯವಸ್ಥೆ) ಇದೆ, ಪಾಡ್ ಒಂದೂ ಇಲ್ಲ. ಕಾರಣ ಇವೆಂಟ್ಸ್‌ನಲ್ಲಿ ಕೂತಿತ್ತು, ಅಲ್ಲಿ ನೋಡಲು ನನಗೆ ಅರ್ಧ ಗಂಟೆ ಬೇಕಾಯ್ತು. ಮಾನಿಟರಿಂಗ್ ನೇಮ್‌ಸ್ಪೇಸ್‌ಗೆ ಪ್ರಿವಿಲೇಜ್ಡ್ ಲೇಬಲ್ ಹಾಕಿದ ಮೇಲೆ ಸರಿಹೋಯ್ತು. ಎರಡನೆಯದು, ಎರಡು ಹಳೆಯ ಯಂತ್ರಗಳಲ್ಲಿ ಯಾರೋ ಯಾವಾಗಲೋ ಇದೇ ಎಕ್ಸ್‌ಪೋರ್ಟರನ್ನು ನೇರವಾಗಿ ಸರ್ವಿಸ್ ಆಗಿ ಹಾಕಿದ್ದರು. 9100 ಪೋರ್ಟ್ ಅದರ ಕೈಲಿ. ನಮ್ಮ ಪಾಡ್ ಬರುವುದು, 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಅಂತ ಬೀಳುವುದು, ಮತ್ತೆ ಏಳುವುದು. ಹಳೆಯದನ್ನು ನಿಲ್ಲಿಸಿದೆ, ಆಯ್ತು.

ಆಮೇಲೆ ಶುರುವಾಯ್ತು ನೋಡಿ ಸುಖ.

ಬೆಳಗ್ಗೆ ಲ್ಯಾಪ್‌ಟಾಪ್ ತೆರೆದ ತಕ್ಷಣ ನನ್ನ ಮೊದಲ ಕಮಾಂಡ್ 'ಕ್ಯೂಬ್‌ಕಂಟ್ರೋಲ್ ಗೆಟ್ ಡಿಎಸ್', ಡಿಎಸ್ ಅಂದರೆ ಡೀಮನ್‌ಸೆಟ್. (ಕ್ಯೂಬ್‌ಕಟಲ್ ಅನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ.) ಒಂದು ಸಾಲು ಬರುತ್ತದೆ. ಡಿಸೈರ್ಡ್ 14, ಕರೆಂಟ್ 14, ರೆಡಿ 14. ಮೇಲ್ ನೋಡುವ ಮೊದಲು ಆ ಮೂರು ಅಂಕಿ ಒಂದೇ ಇವೆಯಾ ಅಂತ ನೋಡಬೇಕು. ಇದ್ದರೆ ಮನಸ್ಸಿಗೆ ಒಂಥರಾ ಸಮಾಧಾನ. ಆಮೇಲೆ ಯಾವುದಾದರೂ ಒಂದು ನೋಡ್ ಆರಿಸಿಕೊಂಡು 9100ಕ್ಕೆ ಒಂದು ಕರ್ಲ್, ಅಂದರೆ ಅಲ್ಲಿನ ಪುಟವನ್ನು ನೇರ ತರಿಸುವ ಕಮಾಂಡ್. ಗ್ರಾಫ್ ಇಲ್ಲ, ಬಣ್ಣ ಇಲ್ಲ, ಸುಮ್ನೆ ಸಾಲುಸಾಲು ಪಠ್ಯ. ಮೆಟ್ರಿಕ್ ಹೆಸರು, ಒಂದು ಸ್ಪೇಸ್, ಒಂದು ಸಂಖ್ಯೆ. ಯಂತ್ರದ ನಾಡಿ ಹಿಡಿದ ಹಾಗಿರುತ್ತದೆ. ಡ್ಯಾಶ್‌ಬೋರ್ಡ್ ಎಷ್ಟೇ ಚಂದ ಇರಲಿ, ನನಗೆ ಈ ಒಣ ಪಠ್ಯವೇ ಹೆಚ್ಚು ಇಷ್ಟ.

ನಿರೀಕ್ಷೆ ಇಲ್ಲದೆ ಸಿಕ್ಕ ಇನ್ನೊಂದು ಖುಷಿ ಟೆಕ್ಸ್ಟ್‌ಫೈಲ್ ಕಲೆಕ್ಟರ್. ಒಂದು ಫೋಲ್ಡರ್ ತೋರಿಸಿದರೆ, ಅದರಲ್ಲಿ ಡಾಟ್ ಪ್ರೊಮ್ ಅಂತ ಕೊನೆಯಾಗುವ ಫೈಲ್ ಏನಿದ್ದರೂ ಓದಿ, ತನ್ನ ಮೆಟ್ರಿಕ್‌ಗಳ ಜೊತೆ ಸೇರಿಸಿ ಕೊಡುತ್ತದೆ. ಬ್ಯಾಕಪ್ ಸ್ಕ್ರಿಪ್ಟ್‌ನ ಕೊನೆಗೆ ಒಂದು ಸಾಲು ಸೇರಿಸಿದೆ. ಬ್ಯಾಕಪ್ ಮುಗಿದ ಹೊತ್ತನ್ನು ಆ ಫೈಲ್‌ಗೆ ಬರೆಯುತ್ತದೆ, ಅಷ್ಟೇ. ಬ್ಯಾಕಪ್ ಆಗಿ 26 ಗಂಟೆ ದಾಟಿದರೆ ಫೋನ್ ಬಡಿಯುತ್ತದೆ. ಇದಕ್ಕೆ ಅಂತ ಬೇರೆ ಸಾಫ್ಟ್‌ವೇರ್ ಹುಡುಕುತ್ತಾ ಎರಡು ವಾರ ಕಳೆದಿದ್ದೆ.

ಮತ್ತೆ ಆ ಡಿಸ್ಕ್ ಅಲರ್ಟ್. ಪ್ರೊಮಿಥಿಯಸ್ ಸ್ಟಾಕ್ ಜೊತೆಗೇ ಬರುವ ನಿಯಮ ಅದು. ಖಾಲಿ ಜಾಗ ಕಡಿಮೆ ಇರುವ ಡಿಸ್ಕ್‌ಗಳಲ್ಲಿ ಕಳೆದ 6 ಗಂಟೆಯ ಇಳಿತ ನೋಡುತ್ತದೆ. ಹೀಗೇ ಹೋದರೆ 24 ಗಂಟೆಯೊಳಗೆ ತುಂಬುತ್ತದೆ ಅನಿಸಿದರೆ ಎಚ್ಚರಿಸುತ್ತದೆ. ಒಂದು ಶುಕ್ರವಾರ ಸಂಜೆ ಹಾಗೆ ಎಚ್ಚರಿಸಿತು. ಯಾವುದೋ ಕಂಟೇನರ್ ಡೀಬಗ್ ಲಾಗ್ ಆನ್ ಮಾಡಿಕೊಂಡು ಒಂದೇ ಸಮನೆ ಬರೆಯುತ್ತಿತ್ತು. ನಿಲ್ಲಿಸಿ, ಮನೆಗೆ ಹೋದೆ. ಆ ಶನಿವಾರ, ಭಾನುವಾರ ನನಗೆ ಈ ಏಜೆಂಟ್ ಕೊಟ್ಟ ಉಡುಗೊರೆ. ಅವತ್ತು ಯಾರಾದರೂ ರೇಟಿಂಗ್ ಕೇಳಿದ್ದರೆ 5ಕ್ಕೆ 6 ಕೊಡುತ್ತಿದ್ದೆ.

ಈಗ ಬೈಗುಳಕ್ಕೆ ಬರೋಣ.

ಮುಂದಿನ ವರ್ಷ ಕ್ಲಸ್ಟರನ್ನು ಮೆಟ್ಟಿಲು ಮೆಟ್ಟಿಲಾಗಿ 1.25ಕ್ಕೆ ತಂದೆವು. ಜೊತೆಗೆ ಕಂಟ್ರೋಲ್ ಪ್ಲೇನ್‌ನ ಮೂರೂ ಹಳೆಯ ಯಂತ್ರ ತೆಗೆದು ಹೊಸ ಮೂರು ಹಾಕಿದೆವು. ಎಲ್ಲ ಸಲೀಸು. ಮರುದಿನ ಬೆಳಗ್ಗೆ ನನ್ನ ಕಮಾಂಡ್ ಹೊಡೆದೆ. ಡಿಸೈರ್ಡ್ 11, ಕರೆಂಟ್ 11, ರೆಡಿ 11. ಮೂರೂ ಒಂದೇ. ಸಮಾಧಾನ. ಆಟೋಸ್ಕೇಲರ್ ಇರುವ ಕಡೆ ಈ ಸಂಖ್ಯೆ ದಿನಾ ಬದಲಾಗುತ್ತಿರುತ್ತದೆ, ಹಾಗಾಗಿ 14 ಹೋಗಿ 11 ಆದದ್ದು ಕಣ್ಣಿಗೆ ಕುಕ್ಕಲೇ ಇಲ್ಲ.

ಏಳು ವಾರ ಹಾಗೇ ಹೋಯ್ತು. ಒಂದು ರಾತ್ರಿ ಎಪಿಐ ಸರ್ವರ್ (ಕ್ಲಸ್ಟರ್‌ಗೆ ಬರುವ ಕೋರಿಕೆಗಳ ಹೆಬ್ಬಾಗಿಲು) ಡೌನ್ ಅಂತ ಅಲರ್ಟ್ ಬಂತು. ಮೂರರಲ್ಲಿ ಒಂದು. ಡ್ಯಾಶ್‌ಬೋರ್ಡ್ ತೋರಿಸುವ ಗ್ರಫಾನಾ ತೆರೆದು ಆ ಯಂತ್ರದ ಗತಿ ನೋಡೋಣ ಅಂತ ನೋಡ್‌ಗಳ ಪಟ್ಟಿ ಕೆಳಗೆಳೆದೆ. ಹೆಸರು ಸಿಗಲಿಲ್ಲ. ನಿದ್ದೆಗಣ್ಣು, ಕಣ್ತಪ್ಪಿರಬೇಕು ಅಂತ ಮೇಲಿಂದ ಮತ್ತೆ ಶುರು ಮಾಡಿದೆ. ಹುಡುಕುವ ಬಾಕ್ಸ್‌ನಲ್ಲಿ ಹೆಸರು ಟೈಪ್ ಮಾಡಿದೆ. ಇಲ್ಲ. ಪಕ್ಕದ ಎರಡು ಕಂಟ್ರೋಲ್ ಪ್ಲೇನ್ ಯಂತ್ರಗಳ ಹೆಸರು ಹುಡುಕಿದೆ. ಅವೂ ಇಲ್ಲ. ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯ್ತು. ಏಳು ವಾರದಿಂದ ಆ ಮೂರು ಯಂತ್ರಗಳ ಬಗ್ಗೆ ನಮ್ಮ ಹತ್ತಿರ ಒಂದು ಚುಕ್ಕಿ ಡೇಟಾ ಕೂಡ ಇರಲಿಲ್ಲ.

ಯಂತ್ರಕ್ಕೆ ನೇರ ಲಾಗಿನ್ ಆಗಿ ನೋಡಿದರೆ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಹಳೆಯ ಆಡಿಟ್ ಲಾಗ್ ಅಳಿಸುವ ಸೆಟ್ಟಿಂಗ್ ಹೊಸ ಯಂತ್ರಗಳಲ್ಲಿ ಹಾಕಿರಲಿಲ್ಲ. ಕ್ಲಸ್ಟರ್‌ನ ಸ್ಥಿತಿಯನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಎಟ್‌ಸಿಡಿ, ಬರೆಯಲು ಜಾಗವಿಲ್ಲದೆ ಬಿದ್ದಿತ್ತು, ಅದನ್ನೇ ನಂಬಿದ್ದ ಎಪಿಐ ಸರ್ವರೂ ಬಿತ್ತು. ಮೂರರಲ್ಲಿ ಎರಡು ಎಟ್‌ಸಿಡಿ ಉಳಿದಿದ್ದರಿಂದ ಬಹುಮತ ಉಳಿಯಿತು, ಕ್ಲಸ್ಟರ್ ಉಳಿಯಿತು. ಉಳಿದ ಎರಡು ಯಂತ್ರಗಳ ಡಿಸ್ಕ್ ಎಷ್ಟು ತುಂಬಿತ್ತು ಅಂತ ಕೇಳಬೇಡಿ. ಒಂದು ದಿನ ಮೊದಲೇ ಹೇಳಬೇಕಿದ್ದ ಅಲರ್ಟ್, ಆ ಶುಕ್ರವಾರ ನನ್ನನ್ನು ಕಾಪಾಡಿದ ಅದೇ ಅಲರ್ಟ್, ಹೇಳಲು ಡೇಟಾನೇ ಇಲ್ಲದೆ ಸುಮ್ಮನಿತ್ತು.

ಕಾರಣ ಚಿಕ್ಕದು. ಕ್ಲಸ್ಟರ್ ಕಟ್ಟುವ ಸಾಧನ ಕ್ಯೂಬ್‌ಅಡ್ಮಿನ್ ಮೊದಲಿಂದ ಕಂಟ್ರೋಲ್ ಪ್ಲೇನ್ ನೋಡ್‌ಗಳ ಮೇಲೆ 'ಮಾಸ್ಟರ್' ಅನ್ನೋ ಟೇಂಟ್ ಹಾಕುತ್ತಿತ್ತು, ಬೇರೆ ಪಾಡ್‌ಗಳು ಅಲ್ಲಿಗೆ ಬರದಿರಲಿ ಅಂತ. 1.24ರಲ್ಲಿ 'ಕಂಟ್ರೋಲ್ ಪ್ಲೇನ್' ಅನ್ನೋ ಹೊಸ ಟೇಂಟ್ ಜೊತೆಗೆ ಬಂತು, 1.25ರಲ್ಲಿ ಹಳೆಯದು ಹೋಯ್ತು. ನನ್ನ ವ್ಯಾಲ್ಯೂಸ್ ಫೈಲ್‌ನಲ್ಲಿ (ಚಾರ್ಟ್‌ಗೆ ನಾವು ಕೊಡುವ ಸೆಟ್ಟಿಂಗ್‌ಗಳು) ಇದ್ದ ಟಾಲರೇಶನ್, ಅಂದರೆ ಟೇಂಟ್ ದಾಟುವ ಅನುಮತಿ, ಮಾಸ್ಟರ್‌ಗೆ ಮಾತ್ರ.

ಚಾರ್ಟ್ ಬರೆದವರನ್ನು ಬೈಯಲು ಹೊರಟಿದ್ದೆ. ಅವರ ಡೀಫಾಲ್ಟ್ ತೆಗೆದು ನೋಡಿದೆ. ನೋಶೆಡ್ಯೂಲ್ ಬಗೆಯ (ಹೊಸ ಪಾಡ್ ಬರದಂತೆ ತಡೆಯುವ) ಟೇಂಟ್ ಯಾವುದೇ ಇದ್ದರೂ ಸರಿ, ಏಜೆಂಟ್ ಹೋಗುತ್ತದೆ ಅಂತ ಅವರು ಸರಿಯಾಗೇ ಬರೆದಿದ್ದಾರೆ. ಅದನ್ನು ಅಳಿಸಿದವನು ನಾನು. ಜಿಪಿಯು ನೋಡ್ ಒಂದಕ್ಕೆ ನೋಎಕ್ಸಿಕ್ಯೂಟ್ (ಇರುವ ಪಾಡನ್ನೂ ಹೊರಹಾಕುವ) ಟೇಂಟ್ ಇತ್ತು, ಅದಕ್ಕೆ ಅಂತ ನನ್ನದೇ ಟಾಲರೇಶನ್ ಪಟ್ಟಿ ಬರೆದೆ. ಮಾಸ್ಟರ್ ಒಂದನ್ನೂ ಜೊತೆಗೆ ಸೇರಿಸಿದೆ, ಇರಲಿ ಅಂತ. ಹೆಲ್ಮ್ ಮ್ಯಾಪ್‌ಗಳನ್ನು ಬೆಸೆಯುತ್ತದೆ, ಪಟ್ಟಿಗಳನ್ನು ಬೆಸೆಯುವುದಿಲ್ಲ. ನೀವು ಪಟ್ಟಿ ಕೊಟ್ಟರೆ ಅವರ ಪಟ್ಟಿ ಪೂರ್ತಿ ಹೋಯ್ತು, ನಿಮ್ಮದೇ ನಿಲ್ಲುತ್ತದೆ. ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ತಪ್ಪು ನನ್ನದು, ಒಪ್ಪಿದೆ. ಆದರೂ ನನ್ನ ಸಿಟ್ಟು ಇಳಿಯದಿರುವುದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಆದರೂ ಎಲ್ಲೂ ಕೆಂಪು ಕಾಣಲಿಲ್ಲವಲ್ಲ! ಡಿಸೈರ್ಡ್ ಅನ್ನೋ ಅಂಕಿ ಕ್ಲಸ್ಟರ್‌ನ ನೋಡ್‌ಗಳ ಲೆಕ್ಕ ಅಲ್ಲ. ಏಜೆಂಟ್ ಹೋಗಬಹುದಾದ ನೋಡ್‌ಗಳ ಲೆಕ್ಕ. ಟೇಂಟ್ ತಡೆದರೆ ಆ ನೋಡ್ ಲೆಕ್ಕದಿಂದಲೇ ಹೊರಗೆ. ಶಾಲೆಯಲ್ಲಿ ಹಾಜರಿ ಕೂಗುತ್ತಾರಲ್ಲ, ಹಾಗೆ. ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಗೈರುಹಾಜರಾಗಲು ಸಾಧ್ಯವೇ ಇಲ್ಲ. ತರಗತಿ ತುಂಬಿದೆ ಅಂತ ಮೇಷ್ಟ್ರು ಪುಸ್ತಕ ಮುಚ್ಚುತ್ತಾರೆ.

ಪ್ರೊಮಿಥಿಯಸ್ ಕಡೆಯೂ ಇದೇ ಕಥೆ. ಅದು ಕುಬರ್ನೆಟೀಸ್‌ನಿಂದ ಟಾರ್ಗೆಟ್ ಪಟ್ಟಿ ಪಡೆದು, ಒಂದೊಂದರ ಹತ್ತಿರ ತಾನೇ ಹೋಗಿ ಡೇಟಾ ಎಳೆಯುತ್ತದೆ. ಸಿಕ್ಕರೆ 'ಅಪ್' 1, ಸಿಗದಿದ್ದರೆ 0. ಪಾಡೇ ಹುಟ್ಟದಿದ್ದರೆ? ಟಾರ್ಗೆಟ್ ಇಲ್ಲ, 1 ಇಲ್ಲ, 0 ಕೂಡ ಇಲ್ಲ. 'ಅಪ್ 0 ಆದರೆ ಕೂಗು' ಅಂತ ಬರೆದ ಅಲರ್ಟ್‌ಗೆ ಕೂಗಲು ಏನೂ ಸಿಗುವುದಿಲ್ಲ. 'ಆಬ್ಸೆಂಟ್' ಅನ್ನೋ ಫಂಕ್ಷನ್ ಇದೆ ಅಂತ ನೀವು ಹೇಳಬಹುದು. ಅದು ಎಲ್ಲವೂ ಮಾಯವಾದಾಗ ಮಾತ್ರ ಬಾಯಿ ಬಿಡುತ್ತದೆ. 14ರಲ್ಲಿ 3 ಮಾಯವಾದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಏಜೆಂಟ್ ಹಾಕುವ ಗೈಡ್‌ಗಳನ್ನು ನಾನು ಸಾಕಷ್ಟು ಓದಿದ್ದೇನೆ. ಕೊನೆಯ ಹೆಜ್ಜೆ ಬಹುತೇಕ ಎಲ್ಲದರಲ್ಲೂ ಒಂದೇ. ಪಾಡ್‌ಗಳು ರನ್ನಿಂಗ್ ಇವೆಯಾ ನೋಡಿ, ಇದ್ದರೆ ಮುಗಿಯಿತು. ನೋಡ್ ಎಷ್ಟು, ಏಜೆಂಟ್ ಎಷ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಂತ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ದುಡ್ಡು ಕೊಟ್ಟ ಹಳೆಯ ಏಜೆಂಟ್‌ನಲ್ಲೂ ಇದೇ ಕುರುಡು ಇತ್ತೇನೋ. ಅದೂ ಡೀಮನ್‌ಸೆಟ್ಟೇ ತಾನೇ.

ಸರಿ ಮಾಡಿದ್ದು ಹೀಗೆ. ಟಾಲರೇಶನ್ ಪಟ್ಟಿಯಲ್ಲಿ ಈಗ ಒಂದೇ ಸಾಲು: ಆಪರೇಟರ್ ಎಕ್ಸಿಸ್ಟ್ಸ್. ಕೀ ಇಲ್ಲ, ಎಫೆಕ್ಟ್ ಇಲ್ಲ. ಅಂದರೆ ಯಾವ ಟೇಂಟ್ ಇದ್ದರೂ ಹೋಗು. ಬೇರೆ ಪಾಡ್‌ಗೆ ಹೀಗೆ ಬರೆದರೆ ತಪ್ಪು. ಕಾವಲು ಕಾಯುವವನಿಗೆ ಎಲ್ಲ ಕೋಣೆಯ ಕೀಲಿ ಬೇಕು, ಅಲ್ವಾ? ಜೊತೆಗೆ ಸಿಸ್ಟಮ್ ನೋಡ್ ಕ್ರಿಟಿಕಲ್ ಅನ್ನೋ ಪ್ರಯಾರಿಟಿ ಕೊಟ್ಟೆ, ನೋಡ್ ತುಂಬಿ ಏಜೆಂಟ್ ಪೆಂಡಿಂಗ್‌ನಲ್ಲಿ ಕೂರದಿರಲಿ ಅಂತ.

ಇನ್ನೊಂದು ಅಲರ್ಟ್, ಇದೇ ಮುಖ್ಯವಾದದ್ದು. ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್ ಅನ್ನೋದು ನೋಡ್‌ಗಳ ಪಟ್ಟಿಯನ್ನು ಎಪಿಐ ಸರ್ವರ್‌ನಿಂದ ನೇರ ತರುತ್ತದೆ. ಅಲ್ಲಿ ಏಜೆಂಟ್ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಆ ಎಣಿಕೆಯಿಂದ ಬದುಕಿರುವ ಎಕ್ಸ್‌ಪೋರ್ಟರ್‌ಗಳ ಎಣಿಕೆ ಕಳೆಯುವುದು. 10 ನಿಮಿಷ ಸೊನ್ನೆಗಿಂತ ಜಾಸ್ತಿ ಇದ್ದರೆ ಫೋನ್ ಬಡಿಯಬೇಕು. 10 ನಿಮಿಷ ಯಾಕೆಂದರೆ ಹೊಸ ನೋಡ್ ಬಂದಾಗ ಇಮೇಜ್ ಇಳಿದು ಪಾಡ್ ಏಳುವುದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲು 2 ನಿಮಿಷ ಇಟ್ಟು, ಆಟೋಸ್ಕೇಲರ್ ಕೆಮ್ಮಿದಾಗೆಲ್ಲ ಎದ್ದು ಕೂತೆ.

ಬಿಟ್ಟು ಹೋಗುವ ಯೋಚನೆ ಬಂದಿತ್ತಾ? ಆ ವಾರ ಬಂದಿತ್ತು. ಈಗ ಇಲ್ಲ. ಎಕ್ಸ್‌ಪೋರ್ಟರ್ ತಾನಿರುವ ನೋಡ್‌ನಲ್ಲಿ ತಿನ್ನುವುದು ಬಹಳ ಕಡಿಮೆ, ಮೂರು ವರ್ಷದಲ್ಲಿ ಒಮ್ಮೆಯೂ ತನ್ನಷ್ಟಕ್ಕೆ ತಾನು ಬಿದ್ದಿಲ್ಲ. ಮೆಮೊರಿ ತಿನ್ನುವುದು ಇನ್ನೊಂದು ತುದಿಯಲ್ಲಿ ಕೂತಿರುವ ಪ್ರೊಮಿಥಿಯಸ್, ಅದರ ಹೊಟ್ಟೆಯ ಕಥೆ ಬೇರೆ ಬರೆಯಬೇಕು. ಚಿಕ್ಕ ತಂಡ, ನೋಡ್ ಲೆಕ್ಕದ ಬಿಲ್ ತಾಳಿಕೊಳ್ಳಲಾಗದವರು, ವ್ಯಾಲ್ಯೂಸ್ ಫೈಲ್ ಓದುವ ತಾಳ್ಮೆ ಇರುವವರು ಧಾರಾಳವಾಗಿ ಹಾಕಿಕೊಳ್ಳಿ. ರಾತ್ರಿ ಇನ್ನೊಬ್ಬರು ನೋಡಿಕೊಳ್ಳಲಿ ಅನ್ನುವವರು ದುಡ್ಡು ಕೊಡುವುದೇ ಮೇಲು. ನನ್ನ ರೇಟಿಂಗ್ 5ಕ್ಕೆ 4. ಕಡಿದ ಒಂದು ಅಂಕದಲ್ಲಿ ಅರ್ಧ ನನ್ನದು.

ಬೆಳಗಿನ ಕಮಾಂಡ್ ಬಿಟ್ಟಿಲ್ಲ. ಅದರ ಹಿಂದೆ ಇನ್ನೊಂದು ಸೇರಿದೆ, ಗೆಟ್ ನೋಡ್ಸ್, ಸಾಲು ಎಣಿಸಿ. ಹೋದ ತಿಂಗಳು ಜೊತೆಗಾರ ಏನೋ ಪರೀಕ್ಷೆಗೆ ಅಂತ 2 ಹೊಸ ನೋಡ್ ಸೇರಿಸಿದ. ಆ ಯಂತ್ರಗಳ ಪ್ರೊಸೆಸರ್ ಆರ್ಮ್, ನಮ್ಮ ವ್ಯಾಲ್ಯೂಸ್ ಫೈಲ್‌ನ ನೋಡ್ ಸೆಲೆಕ್ಟರ್‌ನಲ್ಲಿ (ಯಾವ ಬಗೆಯ ನೋಡ್‌ಗೆ ಮಾತ್ರ ಹೋಗಬೇಕು ಅನ್ನೋ ಸಾಲು) ಇದ್ದದ್ದು ಎಎಂಡಿ64. ಟೇಂಟ್‌ನ ಬಾಗಿಲು ತೆಗೆದಿಟ್ಟರೂ ಏಜೆಂಟ್ ಅಲ್ಲಿಗೆ ಹೋಗಲಿಲ್ಲ. ಡೀಮನ್‌ಸೆಟ್ ಅವತ್ತೂ 13ಕ್ಕೆ 13 ಅಂತಲೇ ಹೇಳುತ್ತಿತ್ತು. 10 ನಿಮಿಷಕ್ಕೆ ಫೋನ್ ಬಡಿಯಿತು: ನೋಡ್ 15, ಏಜೆಂಟ್ 13. ಸೆಲೆಕ್ಟರ್ ಸಾಲು ಯಾರು ಬರೆದದ್ದು ಅಂತ ಗಿಟ್ ಬ್ಲೇಮ್ ಹೊಡೆದೆ. ನನ್ನದೇ ಹೆಸರು.