ತುಕ್ಕಿನ ಬಣ್ಣ ಉಳಿಸುವ ಡಾರ್ಕ್‌ಟೇಬಲ್

ಒಂಟಿ ಚಪ್ಪಲಿ, ತುಕ್ಕು ಹಿಡಿದ ಬೀಗ, ಕಾಲು ಮುರಿದ ಕುರ್ಚಿ. ಯಾರೋ ಬಿಟ್ಟುಹೋದ ಇಂಥ ವಸ್ತುಗಳ ಫೋಟೊ ತಿದ್ದಲು ಡಾರ್ಕ್‌ಟೇಬಲ್ ಬಹಳ ಒಳ್ಳೆಯ ತಂತ್ರಾಂಶ. ಉಚಿತ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಆದರೆ ಕೈಗೆ ಹತ್ತುವವರೆಗೆ ಚೆನ್ನಾಗಿಯೇ ಸತಾಯಿಸುತ್ತದೆ.

ಅದಕ್ಕೆ ಕೊಡುವ ಫೈಲು ಸರಿಯಿರಬೇಕು. ಮೋಡದ ಬೆಳಕು, ಟ್ರೈಪಾಡ್, ಐಎಸ್‌ಒ 100, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ರಾ ಫೈಲು (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ). ನೇರ ಬಿಸಿಲಲ್ಲಿ ಲೋಹದ ಹೊಳಪಿನ ಚುಕ್ಕಿಗಳು ಬೆಳ್ಳಗೆ ಸುಟ್ಟುಹೋದರೆ ಅಲ್ಲಿನ ವಿವರ ಮತ್ತೆ ಸಿಗುವುದಿಲ್ಲ. ಬಣ್ಣ ಬಳಿದ ಮೈ, ಗಾಜು, ಒದ್ದೆ ಪ್ಲಾಸ್ಟಿಕ್‌ ಮೇಲಿನ ಪ್ರತಿಫಲನವನ್ನು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಗ್ಗಿಸುತ್ತದೆ. ಬರಿಯ ಲೋಹದ ಮೇಲೆ ಅದರ ಆಟ ಹೆಚ್ಚು ನಡೆಯದು.

ಫೈಲು ತೆರೆದೊಡನೆ ಕ್ಯಾಮೆರಾ ಪರದೆಯಲ್ಲಿ ಕಂಡ ಹಾಗೆಯೇ ಚಿತ್ರ ಕಾಣುವುದಿಲ್ಲ, ಹೊಸಬರು ಗಾಬರಿಯಾಗುವುದು ಇಲ್ಲೇ. ಕ್ಯಾಮೆರಾ ತಾನೇ ಮಾಡುವ ಸಿಂಗಾರ ರಾ ಫೈಲಿನಲ್ಲಿ ಇರುವುದಿಲ್ಲ. ಮೊದಲು ಎಕ್ಸ್‌ಪೋಷರ್ ಮಾಡ್ಯೂಲಿನಲ್ಲಿ (ಒಂದೊಂದು ತಿದ್ದುಪಡಿಗೂ ಇರುವ ಉಪಕರಣವೇ ಮಾಡ್ಯೂಲ್) ವಸ್ತುವಿನ ನಡುಬೆಳಕನ್ನಷ್ಟೇ ಹದಕ್ಕೆ ತನ್ನಿ, ಬೆಳ್ಳಗಿನ ಭಾಗಗಳ ಚಿಂತೆ ಆಮೇಲೆ. ಅವನ್ನು, ಬೆಳಕಿನ ಹರವನ್ನು ಪರದೆಗೆ ಹೊಂದಿಸುವ ಸಿಗ್ಮಾಯ್ಡ್ ಮಾಡ್ಯೂಲ್ ನೋಡಿಕೊಳ್ಳುತ್ತದೆ. ಅದೇ ಕೆಲಸ ಮಾಡುವ ಫಿಲ್ಮಿಕ್‌ಗಿಂತ ಇದರಲ್ಲಿ ಗುಂಡಿಗಳು ಕಡಿಮೆ, ಕಲಿಯುವವರಿಗೆ ಇದೇ ವಾಸಿ. ಇದರ ಪ್ರಿಸರ್ವ್ ಹ್ಯೂ (ಮೂಲ ವರ್ಣ ಉಳಿಸುವ ಗುಂಡಿ) 100ರಲ್ಲೇ ಇರಲಿ. ಇಳಿಸಿದರೆ ಬೆಳಕು ಬಿದ್ದ ತುಕ್ಕು ಕಿತ್ತಳೆ ಬಿಟ್ಟು ಹಳದಿಗೆ ವಾಲುತ್ತದೆ.

ಬಿಳಿ ಸಮತೋಲನವೇ, ಅಂದರೆ ಬೆಳಕಿನ ಬಣ್ಣದ ಛಾಯೆ ಕಳೆದು ಬಿಳಿಯನ್ನು ಬಿಳಿಯಾಗಿ ಕಾಣಿಸುವುದೇ, ದೊಡ್ಡ ತೊಡಕು. ಚೌಕಟ್ಟು ತುಂಬ ತುಕ್ಕೇ ಇದ್ದಾಗ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನ ತಾನಾಗಿ ಗುರುತಿಸುವ ಆಯ್ಕೆ ಮೋಸಹೋಗುತ್ತದೆ: ಕಿತ್ತಳೆಯನ್ನು ಬೆಳಕಿನ ಬಣ್ಣವೆಂದು ತಿಳಿದು ಇಡೀ ಚಿತ್ರವನ್ನು ನೀಲಿಗೆ ತಳ್ಳುತ್ತದೆ. ಬೂದು ಸಿಮೆಂಟೋ ಕಲ್ಲೋ ಇದ್ದರೆ ಪಿಕರ್ (ಬಣ್ಣ ಆಯುವ ಗುರುತು) ಅಲ್ಲಿಡಿ. ಇಲ್ಲದಿದ್ದರೆ ಕ್ಯಾಮೆರಾ ದಾಖಲಿಸಿದ್ದನ್ನೇ ಆರಿಸಿ. ಕಲರ್ ಕ್ಯಾಲಿಬ್ರೇಷನ್ ಬಳಸುವಾಗ ಹಳೆಯ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಮುಟ್ಟಬೇಡಿ. ಎರಡೂ ಸೇರಿ ಬಣ್ಣ ಕೆಡಿಸುತ್ತವೆ, ತಂತ್ರಾಂಶವೂ ಎಚ್ಚರಿಸುತ್ತದೆ.

ಈ ಬಗೆಯ ಚಿತ್ರಗಳಿಗೆ ನಿಜವಾದ ಆಸ್ತಿ ಟೋನ್ ಈಕ್ವಲೈಸರ್. ಕುರ್ಚಿಯ ಅಡಿಯ ಕತ್ತಲು, ತೆರೆದ ಪೆಟ್ಟಿಗೆಯ ಒಳಗು ಇಂಥವನ್ನು ಮಾತ್ರ ಎತ್ತಿ ಉಳಿದದ್ದನ್ನು ಇದ್ದ ಹಾಗೇ ಬಿಡಬಹುದು. ಬೆಳಕನ್ನು ಇದು −8ರಿಂದ 0 ಇವಿವರೆಗೆ (ಒಂದು ಇವಿ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವ ಹೆಜ್ಜೆ) ಒಂಬತ್ತು ಪಟ್ಟಿಗಳಾಗಿ ಹಂಚುತ್ತದೆ. ಗುಂಡಿ ತಿರುಗಿಸಿದರೂ ಏನೂ ಆಗದಿದ್ದರೆ ತಪ್ಪು ಮಾಸ್ಕಿನಲ್ಲಿರುತ್ತದೆ (ಚಿತ್ರದ ಯಾವ ಭಾಗ ಯಾವ ಪಟ್ಟಿಗೆ ಎಂದು ಹೇಳುವ ನಕ್ಷೆ ಅದು): ಅದರ ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆಯ ಗ್ರಾಫ್, ಒಂದೇ ಮೂಲೆಗೆ ಒತ್ತಿಕೊಂಡಿದೆ. ಮಾಸ್ಕಿಂಗ್ ಪುಟದ ಎಕ್ಸ್‌ಪೋಷರ್, ಕಾಂಟ್ರಾಸ್ಟ್ ಕಾಂಪೆನ್ಸೇಷನ್‌ಗಳಿಂದ ಅದನ್ನು ಪೂರ್ತಿ ಹರಡಿ, ಆಮೇಲೆ ಒಂದು ಇವಿಯೊಳಗೇ ತಿದ್ದಿ. ಹೆಚ್ಚಿಗೆ ಎತ್ತಿದರೆ ಅಂಚುಗಳ ಸುತ್ತ ಪ್ರಭೆ ಏಳುತ್ತದೆ.

ತುಕ್ಕಿನ ಪಕ್ಕದ ಪಾಚಿ ಕಣ್ಣಿಗೆ ಹೊಡೆಯುತ್ತಿದ್ದರೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಪ್ಯಾರಾಮೆಟ್ರಿಕ್ ಮಾಸ್ಕ್ (ಬಣ್ಣ, ಬೆಳಕಿನ ಆಧಾರದ ಮೇಲೆ ಭಾಗ ಆರಿಸುವುದು) ಹಾಕಿ, ಹಸಿರು ವರ್ಣವನ್ನಷ್ಟೇ ಹಿಡಿದು ಬಣ್ಣದ ಸಾಂದ್ರತೆ ಇಳಿಸಿ. ಮಾಸ್ಕಿಗೆ ಸ್ವಲ್ಪ ಫೆದರಿಂಗ್ (ಅಂಚು ಮೆದುಗೊಳಿಸುವುದು) ಕೊಡದಿದ್ದರೆ ಗಡಿಯಲ್ಲಿ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ.

ಡಿಫ್ಯೂಸ್ ಆರ್ ಶಾರ್ಪನ್ ಮೈವಳಿಕೆಯನ್ನು ಸೊಗಸಾಗಿ ಎತ್ತುತ್ತದೆ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಲ್ಲದ ಕಂಪ್ಯೂಟರನ್ನು ಏದುಸಿರು ಬಿಡಿಸುತ್ತದೆ. ಅದನ್ನು ಕೊನೆಗೆ ಆನ್ ಮಾಡುವುದು ಒಳ್ಳೆಯದು. ಮಿತಿಯೂ ಬೇಕು. ಸವೆದ ಮರ, ಮಾಸಿದ ಬಟ್ಟೆಗಳಿಗೆ ಒಂದು ಮೆತುತನ ಇರುತ್ತದೆ. ಅತಿಯಾಗಿ ಚೂಪು ಮಾಡಿದರೆ ಎಲ್ಲವೂ ತಗಡಿನಂತೆ ಕಾಣುತ್ತವೆ.

ಸೆನ್ಸರಿನ ಧೂಳಿನ ಕಲೆಗೆ ರಿಟಚ್ ಮಾಡ್ಯೂಲಿನ ಹೀಲ್ ಸಾಕು. ಮರದ ಮೇಲಾದರೆ ಕಲೆ ಮುಚ್ಚಲು ನಕಲು ತೆಗೆಯುವ ಜಾಗವನ್ನು ಗೆರೆಗಳ ದಿಕ್ಕಿನಲ್ಲೇ ಹಿಡಿಯಿರಿ. ವಸ್ತುವಿನ ಮೇಲೆ ಬಿದ್ದ ತರಗೆಲೆಯನ್ನು ಮಾತ್ರ ಅಳಿಸಬೇಡಿ, ಆ ವಸ್ತು ಎಷ್ಟು ಕಾಲದಿಂದ ಬಿದ್ದಿದೆ ಎಂದು ಹೇಳುವುದು ಆ ಎಲೆಯೇ.

ಫೈಲುಗಳ ಜಾಗ ಬದಲಿಸುವುದಿದ್ದರೆ ಲೈಟ್‌ಟೇಬಲ್‌ (ಚಿತ್ರಗಳನ್ನು ಪಟ್ಟಿಮಾಡಿ ತೋರಿಸುವ ಪುಟ) ಒಳಗಿನಿಂದಲೇ ಬದಲಿಸಿ. ಹೊರಗಿನಿಂದ ಎಳೆದು ಹಾಕಿದರೆ ತಂತ್ರಾಂಶಕ್ಕೆ ಅವು ಸಿಗುವುದಿಲ್ಲ. ಹಾಗಾದರೂ ಪಕ್ಕದ ಎಕ್ಸ್‌ಎಂಪಿ ಫೈಲು (ನಿಮ್ಮ ತಿದ್ದುಪಡಿಗಳ ದಾಖಲೆ) ಜೊತೆಗೇ ಹೋಗಿದ್ದರೆ, ಮತ್ತೆ ಇಂಪೋರ್ಟ್ ಮಾಡಿದಾಗ ತಿದ್ದಿದ್ದೆಲ್ಲ ಹಾಗೇ ಸಿಗುತ್ತದೆ.